ಬಳಕೆದಾರರು ಕೊಟ್ಟ ಹೆಸರಿನಲ್ಲೇ ಫೈಲ್ ಉಳಿಸುತ್ತಿದ್ದೀರಾ? ಒಮ್ಮೆ ಇದನ್ನು ಓದಿ

ಹೊರಗಿನ ಸಂಸ್ಥೆಯೊಂದು ಬರೆದ ತಂತ್ರಾಂಶದ ನಿರ್ವಹಣೆ ನಮ್ಮ ತಂಡದ ಪಾಲಿಗೆ ಬಂದಿತ್ತು. ಅದರಲ್ಲಿ ಬಳಕೆದಾರರು ವರದಿಗೆ ತಾವೇ ಹೆಸರಿಡಬಹುದು. ಆ ಹೆಸರನ್ನೇ ಫೋಲ್ಡರಿನ ಪಾತ್‌ಗೆ (ಡಿಸ್ಕ್‌ನಲ್ಲಿ ಅದರ ವಿಳಾಸಕ್ಕೆ) ಅಂಟಿಸಿ ಫೈಲ್ ಬರೆಯಲಾಗುತ್ತಿತ್ತು. ಒಂದು ದಿನ ಸರ್ವರ್ ಶುರುವಾಗಲೇ ಇಲ್ಲ. ನೋಡಿದರೆ ಕಾನ್ಫಿಗರೇಷನ್ ಫೈಲ್ ಇರಬೇಕಾದ ಜಾಗದಲ್ಲಿ ಯಾರದೋ ವರದಿ!

"ಹೆಸರನ್ನು ಶುದ್ಧಗೊಳಿಸುತ್ತೇವಲ್ಲ" ಎಂದರು ಆ ಸಂಸ್ಥೆಯವರು. ಶುದ್ಧಗೊಳಿಸುತ್ತಿದ್ದುದು ನಿಜವೇ: ../ (ಅಂದರೆ 'ಒಂದು ಫೋಲ್ಡರ್ ಮೇಲಕ್ಕೆ ಹೋಗು') ಕಂಡಲ್ಲಿ ಅಳಿಸುವ ಒಂದು ಸಾಲು. ಲಾಗ್‌ನಲ್ಲಿದ್ದ ಹೆಸರು ....// ಎಂದು ಆರಂಭವಾಗುತ್ತಿತ್ತು. ಅದರ ನಡುವಿನ ../ ಅಳಿಸಿ ನೋಡಿ, ಉಳಿಯುವುದು ಮತ್ತೆ ../ ಅಷ್ಟೇ. ಕಾವಲುಗಾರನೇ ಕಳ್ಳನಿಗೆ ಬೀಗ ತೆಗೆದುಕೊಟ್ಟ ಹಾಗೆ.

ಅವರ ಎರಡನೆಯ ತೇಪೆಯೂ ನಿಲ್ಲಲಿಲ್ಲ. ಪಾತ್‌ನೊಳಗಿನ ../ಗಳನ್ನು ಪೂರ್ತಿ ಬಿಡಿಸಿ, ಅದು ವರದಿಗಳ ಫೋಲ್ಡರಾದ /ದತ್ತ/ವರದಿ ಎಂದು ಆರಂಭವಾದರೆ ಒಪ್ಪಿಕೊಳ್ಳುವುದು. ಆದರೆ /ದತ್ತ/ವರದಿ-ಹಳೆಯದು ಎಂಬ ಪಕ್ಕದ ಫೋಲ್ಡರ್ ಕೂಡ ಹಾಗೆಯೇ ಆರಂಭವಾಗುತ್ತದೆ! ಹೋಲಿಸುವಾಗ ಕೊನೆಯ ಓರೆಗೆರೆಯೂ (/) ಸೇರಿರಬೇಕು. ಪೈಥಾನ್ ಬಳಸುವವರಿಗೆ ಇನ್ನೊಂದು ಮಾತು: ಪಾತ್ ಜೋಡಿಸುವ ಜಾಯಿನ್‌ಗೆ ಕೊಟ್ಟ ಹೆಸರು / ಇಂದ ಶುರುವಾದರೆ, ಅದು ಹಿಂದಿನ ಫೋಲ್ಡರನ್ನು ಸದ್ದಿಲ್ಲದೆ ಕೈಬಿಡುತ್ತದೆ.

ಹೆಸರನ್ನು ತೊಳೆಯುವ ಈ ಸಾಹಸವೇ ಬೇಡ ಎನ್ನುತ್ತೇನೆ. ಬಳಕೆದಾರರ ಹೆಸರು ಡೇಟಾಬೇಸ್‌ನಲ್ಲಿರಲಿ, ಡಿಸ್ಕ್‌ನಲ್ಲಿ ತಂತ್ರಾಂಶವೇ ಹುಟ್ಟಿಸಿದ ಗುರುತು ಇರಲಿ. ಉದ್ದದ ತಕರಾರೂ ತಪ್ಪುತ್ತದೆ. ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟ್; ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, 'ಕ್ಷ' ಒಂದೇ 9 ಬೈಟ್ ನುಂಗುತ್ತದೆ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಿಟ್ಟುಕೊಳ್ಳುವ ಸೋಮಾರಿ ಪರಿಹಾರವನ್ನಂತೂ ಯಾರೂ ಸೂಚಿಸಬೇಡಿ.

ಬಳಕೆದಾರರ ಹೆಸರನ್ನೇ ಇಡಬೇಕೆಂಬ ಹಟವಿದ್ದರೆ, ಸಿಮ್‌ಲಿಂಕ್‌ಗಳನ್ನೂ (ಬೇರೆ ಜಾಗಕ್ಕೆ ಕಳಿಸುವ ಕೊಂಡಿ ಫೈಲ್‌ಗಳನ್ನೂ) ಬಿಡಿಸಿದ ನಿಜವಾದ ಪಾತ್ ಪಡೆದು, ಆಮೇಲೆ ಪರೀಕ್ಷಿಸಿ. ಹೊಂದದಿದ್ದರೆ ತಿದ್ದಬೇಡಿ, ತಿರಸ್ಕರಿಸಿ.

ಹಲವು ಫೈಲ್‌ಗಳನ್ನು ಒಂದರಲ್ಲಿ ಕಟ್ಟಿಡುವ ಜಿಪ್ ಮತ್ತು ಟಾರ್ ಒಳಗಿನ ಹೆಸರುಗಳೂ ಹೊರಗಿನವರು ಕೊಟ್ಟವೇ. 2018ರಲ್ಲಿ 'ಜಿಪ್ ಸ್ಲಿಪ್' ಹೆಸರಿನಲ್ಲಿ ಸುದ್ದಿಯಾದದ್ದು ಇದೇ ದೋಷ. ಪೈಥಾನ್‌ನ ಟಾರ್ ಲೈಬ್ರರಿಯಲ್ಲಿ ಇದು 2007ರಲ್ಲೇ ದಾಖಲಾಗಿದ್ದರೂ, ತಾನಾಗಿಯೇ ತಡೆಯುವ ವ್ಯವಸ್ಥೆ ಬಂದದ್ದು 3.14ನೇ ಆವೃತ್ತಿಯಲ್ಲಿ. ನಮಗೆ ಬಂದ ತಂತ್ರಾಂಶದಲ್ಲಿ ಜಿಪ್ ಆಮದು ಕೂಡ ಇದೆ. ಸದ್ಯಕ್ಕೆ ಅದನ್ನು ಮುಚ್ಚಿಸಿದ್ದೇವೆ.