ಬಣ್ಣದ ಟೊಮೆಟೊ ಬೀಜ ತರಿಸುವ ಮುಂಚೆ ನನ್ನ ಕಥೆ ಕೇಳಿ

ತಾರಸಿಯಲ್ಲಿ ಟೊಮೆಟೊ ಹಾಕಬೇಕು ಅಂತಿರುವವರು ದಯವಿಟ್ಟು ಫೋಟೊ ನೋಡಿ ಬೀಜ ಆರಿಸಬೇಡಿ. ನಾನು ಹಾಗೆ ಮಾಡಿ ನಾಲ್ಕು ತಿಂಗಳು ಕಳೆದುಕೊಂಡೆ. ಸಿಕ್ಕಿದ್ದು ಒಂದೂವರೆ ಹಣ್ಣು. ಉಳಿದರ್ಧ ಅಳಿಲಿನ ಪಾಲಾಯಿತು.

ಜನವರಿಯಲ್ಲಿ ಆನ್‌ಲೈನ್‌ನಿಂದ ಹತ್ತು ತಳಿಗಳ ಕಾಂಬೊ ತರಿಸಿದೆ. ಕಪ್ಪು, ಪಟ್ಟೆಯದು, ಅಂಗೈಯಗಲದ ಬೀಫ್‌ಸ್ಟೇಕ್, ಜೊತೆಗೆ ಇಂಕಿನಂಥ ನೀಲಿ. ಆ ನೀಲಿ ನೋಡಿದಾಗಲೇ ಅನುಮಾನ ಬರಬೇಕಿತ್ತು. ನೀಲಿ ಅಂತ ಕರೆಯುವ ತಳಿಗಳು ಬಿಸಿಲು ಬಿದ್ದ ಕಡೆ ಕಪ್ಪು ನೇರಳೆ ಆಗುತ್ತವೆ, ಅಷ್ಟೇ. ಬಂದಿದ್ದು ಜಿಪ್ ಕವರ್, ಮೇಲೆ ಪೆನ್ನಿನಲ್ಲಿ ಗೀಚಿದ ಹೆಸರು. ಲಾಟ್ ನಂಬರ್ ಇಲ್ಲ, ಮೊಳಕೆ ಪ್ರಮಾಣ ಇಲ್ಲ, ತಾರೀಖೂ ಇಲ್ಲ. ನೀಲಿ, ಪಟ್ಟೆ ಎರಡೂ ಮೊಳೆಯಲೇ ಇಲ್ಲ. ದೂರು ಕೊಡಲು ಹೋದರೆ ವಾಪಸ್ ಮಾಡುವ ಏಳು ದಿನ ಮುಗಿದಿತ್ತು. ಟೊಮೆಟೊ ಮೊಳೆಯೋಕೇ ವಾರ ಬೇಕು, ಅಲ್ವಾ?

ಉಳಿದವು ಬೇಡವೆಂದರೂ ಬೆಳೆದವು. ಇವು ಬಳ್ಳಿಯ ಹಾಗೆ ಉದ್ದಕ್ಕೆ ಹೋಗುತ್ತಲೇ ಇರುವ ತಳಿಗಳು. ನನ್ನದೋ ಹತ್ತಿಂಚಿನ ಕುಂಡ. ಮಾರ್ಚ್ ಕೊನೆಗೆ ಹೂ ಬಂತು. ಬೆಂಗಳೂರಿನ ಬೇಸಿಗೆ, ಅದೂ ಸಿಮೆಂಟ್ ತಾರಸಿ. ದಿನಾ ಬೆಳಿಗ್ಗೆ ಕುಂಡದ ಸುತ್ತ ಹಳದಿ ಹೂ, ಒಂದೊಂದೂ ತೊಟ್ಟಿನ ಗಂಟಿನಲ್ಲೇ ನೀಟಾಗಿ ಕಳಚಿಕೊಂಡು ಬಿದ್ದಿರುತ್ತಿತ್ತು. ಹಗಲು 34-35 ಡಿಗ್ರಿ ಮುಟ್ಟಿ, ರಾತ್ರಿಯೂ ಸೆಕೆ ಇದ್ದರೆ ಪರಾಗ ಕೆಟ್ಟು ಕಾಯಿ ಕಚ್ಚುವುದಿಲ್ಲ.

ಇಷ್ಟರ ತನಕದ್ದು ಬೀಜದ್ದು, ಬಿಸಿಲಿನದ್ದು. ಮುಂದಿನದು ಪೂರ್ತಿ ನನ್ನ ತಪ್ಪು. ಒಂದು ಗಿಡದ ತುದಿ ಎಲೆಗಳು ದೊನ್ನೆಯ ಹಾಗೆ ಮೇಲಕ್ಕೆ ಮಡಚಿ, ಅಂಚು ಹಳದಿಯಾದವು. ಪೋಷಕಾಂಶ ಕಡಿಮೆಯಾಗಿದೆ ಅಂದುಕೊಂಡೆ. ಎಪ್ಸಮ್ ಸಾಲ್ಟ್ ಹಾಕಿದೆ, ಮೊಟ್ಟೆ ಸಿಪ್ಪೆ ಹಾಕಿದೆ, ಹುಳಿ ಮಜ್ಜಿಗೆ ಹೊಡೆದೆ. ಮೂರು ವಾರ ಹೀಗೇ ಹೋಯಿತು. ಒಂದು ದಿನ ಕೋಲು ಕಟ್ಟಲು ಗಿಡ ಅಲುಗಿಸಿದೆ ನೋಡಿ, ಹಿಟ್ಟು ಕೊಡವಿದ ಹಾಗೆ ಎಲೆಯಡಿಯಿಂದ ಬಿಳಿನೊಣ ಎದ್ದವು. ಅದು ಎಲೆ ಮುದುಡು ರೋಗ. ವೈರಸ್ಸು. ಬಿಳಿನೊಣವೇ ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ, ಹತ್ತಿದ ಗಿಡಕ್ಕೆ ಮದ್ದಿಲ್ಲ. ಮೊದಲನೆಯದನ್ನು ಅವತ್ತೇ ಕಿತ್ತು, ಕವರಿನಲ್ಲಿ ಕಟ್ಟಿ ಎಸೆದಿದ್ದರೆ ಪಕ್ಕದವು ಉಳಿಯುತ್ತಿದ್ದವೋ ಏನೋ. ಕೊನೆಗೆ ಎಲ್ಲವನ್ನೂ ಕಿತ್ತೆ.

ಈ ಸಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ತಳಿ ಹಾಕಿದ್ದೇನೆ. ಎಲೆ ಮುದುಡು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರೂ ರೋಗಗಳನ್ನು ತಡೆದುಕೊಳ್ಳುವ ಹೈಬ್ರಿಡ್ ಅದು. ಅದರ ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಅದೇ ಗುಣ ಬರುವುದಿಲ್ಲ, ಪ್ರತಿ ಸಲ ಹೊಸದು ಕೊಳ್ಳಬೇಕು. ಆದರೂ ಸಾರಿಗೆ ನಾಟಿ ಹುಳಿಯೇ ಬೇಕು ಅನ್ನುವ ಚಪಲ ನನ್ನದು. ಅದಕ್ಕೆ ಎರಡು ನಾಟಿ ಸಸಿ ತಾರಸಿಯ ಇನ್ನೊಂದು ಮೂಲೆಯಲ್ಲಿವೆ, ಮಳೆ ಕಡಿಮೆಯಾದ ಮೇಲೆ ನೆಟ್ಟಿದ್ದು.

ಕಾಂಬೊದ ಬೀಜ ಇನ್ನೂ ಸ್ವಲ್ಪ ಉಳಿದಿದೆ. ಕೇಳಬೇಡಿ, ಕೊಡುವುದಿಲ್ಲ.