ಕಾರಿನ ಪಾಲಿಸಿಯಲ್ಲಿ ಯಾರ ಮೊಬೈಲ್ ನಂಬರ್ ಇದೆ, ಇವತ್ತೇ ನೋಡಿಕೊಳ್ಳಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಏಜೆಂಟ್ ಕೈಲಿ ಕಾರಿನ ವಿಮೆ ಮಾಡಿಸಿದವರು ದಯವಿಟ್ಟು ಓದಿ. ನನ್ನ ಪಾಲಿಸಿಯನ್ನು ನನಗೇ ಗೊತ್ತಿಲ್ಲದೆ, ನನ್ನದೇ ಹೆಸರಲ್ಲಿ ರದ್ದು ಮಾಡಿಸಿ, ವಾಪಸ್ ಬಂದ ಹಣ ನುಂಗಿದ್ದಾರೆ.

ಗೊತ್ತಾಗಿದ್ದು ಜುಲೈ ಮಳೆಯಲ್ಲಿ. ಆಗುಂಬೆ ರಸ್ತೆಯಲ್ಲಿ ನಿಲ್ಲಿಸಿದ್ದ ಕಾರಿನ ಮೇಲೆ ಕೊಂಬೆ ಮುರಿದು ಬಿತ್ತು. ಮುಂದಿನ ಗಾಜು ಪುಡಿ, ಬಾನೆಟ್ ಅಪ್ಪಚ್ಚಿ. ಕ್ಲೇಮ್ ಮಾಡಲು ಕಂಪನಿಗೆ ಫೋನ್ ಮಾಡಿದರೆ, 'ಸರ್, ನಿಮ್ಮ ಕೋರಿಕೆ ಮೇರೆಗೆ ಮೇ ತಿಂಗಳಲ್ಲೇ ಕ್ಯಾನ್ಸಲ್ ಆಗಿದೆಯಲ್ಲ' ಅಂದರು. ನನ್ನ ಕೈಲಿದ್ದ ಕಲರ್ ಪ್ರಿಂಟ್‌ನಲ್ಲಿ ಮುಂದಿನ ಮಾರ್ಚ್‌ವರೆಗೆ ಅವಧಿ ಇದೆ!

ಕಂಪನಿ ತಾನಾಗಿಯೇ ನಮ್ಮ ಪಾಲಿಸಿ ರದ್ದು ಮಾಡುವುದು ಅಷ್ಟು ಸುಲಭ ಅಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ನಮ್ಮಂಥವರ ಪಾಲಿಸಿಯನ್ನು ವಂಚನೆ ಸಾಬೀತಾದರೆ ಮಾತ್ರ ಕಂಪನಿ ರದ್ದು ಮಾಡಬಹುದು. ಅದಕ್ಕೂ ಕನಿಷ್ಠ 7 ದಿನದ ನೋಟಿಸ್ ಕೊಡಬೇಕು. ಕ್ಲೇಮ್ ಜಾಸ್ತಿ ಆಯ್ತು, ನಿಮ್ಮದು ಘಾಟಿ ರಸ್ತೆ ಅಂತೆಲ್ಲ ನೆಪ ಹೇಳಿ ನಡುವೆ ಕೈಬಿಡುವಂತಿಲ್ಲ. ಆದರೆ ಗ್ರಾಹಕ ಮಾತ್ರ ಕಾರಣ ಹೇಳದೆ ಯಾವಾಗ ಬೇಕಾದರೂ ರದ್ದು ಮಾಡಿಸಬಹುದು. ಒಂದು ವರ್ಷದ ಪಾಲಿಸಿಯಾಗಿದ್ದು, ಕ್ಲೇಮ್ ಮಾಡಿರದಿದ್ದರೆ ಉಳಿದ ಅವಧಿಯ ಪ್ರೀಮಿಯಂ ವಾಪಸ್ ಬರುತ್ತದೆ. ಒಳ್ಳೆಯ ನಿಯಮವೇ. ಕಳ್ಳ ನುಗ್ಗಿದ್ದೂ ಇದೇ ಬಾಗಿಲಿಂದ.

ಪಾಲಿಸಿ ಬಿಡಿಸಿ ನೋಡಿದೆ. ಹೆಸರು ನನ್ನದು, ವಿಳಾಸ ನನ್ನದು, ಚಾಸಿ ನಂಬರ್ ನನ್ನ ಕಾರಿನದು. ಮೊಬೈಲ್ ನಂಬರ್, ಇಮೇಲ್ ಮಾತ್ರ ಏಜೆಂಟನವು. 'ನಿಮ್ಮೂರಲ್ಲಿ ನೆಟ್‌ವರ್ಕ್ ಸಿಗಲ್ಲ, ನಾನೇ ನೋಡ್ಕೋತೀನಿ ಬಿಡಿ' ಅಂದಿದ್ದ ಪುಣ್ಯಾತ್ಮ. ಒಟಿಪಿ ಹೋಗಿದ್ದು ಅವನಿಗೆ, ರದ್ದಾದ ಮೆಸೇಜ್ ಅವನಿಗೆ, ದುಡ್ಡೂ ಅವನಿಗೆ.

'ಒಟಿಪಿ ಕೊಟ್ಟಿದ್ದೀರಲ್ಲ, ನಮ್ಮದೇನೂ ತಪ್ಪಿಲ್ಲ' ಅಂತ ಕಂಪನಿಯವರು ಕೈತೊಳೆದುಕೊಳ್ಳಲು ನೋಡಿದರು. ಇಂಥ ಕಡೆ ಸುಮ್ನೆ ಎದ್ದು ಬರಬೇಡಿ. 1938ರ ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಸ್ಪಷ್ಟವಾಗಿದೆ: ರದ್ದಾದ ಪಾಲಿಸಿಯ ಹಣ ನೇರವಾಗಿ ಗ್ರಾಹಕನಿಗೇ ಹೋಗಬೇಕು, ಏಜೆಂಟ್ ಖಾತೆಗೆ ಹಾಕುವಂತೆಯೇ ಇಲ್ಲ. ಹಾಗಾಗಿ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ಕೇಳಿದೆ, ಹಣ ಹೋದ ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆ? ಇನ್ನೂ ಒಂದು ಕೇಳಿದೆ. ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಕಾರು ರಸ್ತೆಗಿಳಿಯುವಂತಿಲ್ಲ ಅಲ್ವಾ, ಬೇರೆ ಪಾಲಿಸಿ ಇದೆಯಾ ಅಂತ ನೋಡದೆ ಇದ್ದದ್ದನ್ನು ಹೇಗೆ ತೆಗೆದಿರಿ? ಅಲ್ಲಿವರೆಗೆ ಜೋರಾಗಿದ್ದ ದನಿ 'ಪರಿಶೀಲಿಸುತ್ತೇವೆ'ಗೆ ಇಳಿಯಿತು.

ಇನ್ನೂ ಪರಿಶೀಲಿಸುತ್ತಲೇ ಇದ್ದಾರೆ. ಗಾಜು, ಬಾನೆಟ್ಟು ನನ್ನ ಖರ್ಚಲ್ಲೇ ಆಯ್ತು. ಅದಕ್ಕಿಂತ ಹೆದರಿಕೆ ಹುಟ್ಟಿಸುವುದು ಬೇರೆ. ಮೇ ತಿಂಗಳಿಂದ ವಿಮೆಯೇ ಇಲ್ಲದ ಕಾರಲ್ಲಿ ಘಾಟಿ ಹತ್ತಿ ಇಳಿದಿದ್ದೇನೆ. ಯಾರಿಗಾದರೂ ಗುದ್ದಿದ್ದರೆ ಪರಿಹಾರ ಕಟ್ಟಲು ತೋಟ ಮಾರಬೇಕಾಗುತ್ತಿತ್ತು.

ಏಜೆಂಟ್ ಮೇಲೆ ಪೊಲೀಸ್ ದೂರು ಕೊಟ್ಟಿದ್ದೇನೆ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕಿದ್ದೇನೆ. 155255ಕ್ಕೆ ಫೋನ್ ಮಾಡಿಯೂ ಹೇಳಬಹುದು. ಕಂಪನಿ ಒಂದು ತಿಂಗಳಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ವಿಚಾರಿಸಿ ತೀರ್ಮಾನ ಕೊಡುವ ಅಧಿಕಾರಿ) ಇದ್ದಾರೆ, ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ.

ಏಜೆಂಟ್ ಕೊಟ್ಟ ಪ್ರಿಂಟ್ ನಂಬಿ ಕೂರಬೇಡಿ. ಕಂಪನಿಯ ಸಹಾಯವಾಣಿಗೆ ನೀವೇ ಫೋನ್ ಮಾಡಿ, ಪಾಲಿಸಿ ಚಾಲ್ತಿಯಲ್ಲಿದೆಯಾ, ಅದಕ್ಕೆ ಯಾವ ಮೊಬೈಲ್, ಯಾವ ಇಮೇಲ್ ಜೋಡಿಸಿದ್ದಾರೆ ಅಂತ ಕೇಳಿ. ನಿಮ್ಮದಲ್ಲದಿದ್ದರೆ ಅದೇ ಕರೆಯಲ್ಲಿ ಬದಲಾಯಿಸಲು ಹೇಳಿ, ದೃಢೀಕರಣದ ಮೆಸೇಜ್ ಬರುವವರೆಗೆ ಬಿಡಬೇಡಿ.