ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಡಿಜೈರ್ ನೋಡ್ತಿದ್ದೀರಾ? ಮೊದಲು ಹಳೇ ಇನ್ಶೂರೆನ್ಸ್ ಕಾಪಿ ಕೇಳಿ

ಹಾಸನ, ಸಕಲೇಶಪುರ ಕಡೆ ಹಳೇ ಡೀಸೆಲ್ ಕಾರು ಹುಡುಕುತ್ತಿರುವವರು ಇದನ್ನು ಓದಿ. ಡಿಜೈರ್, ಎಟಿಯೋಸ್ ಥರದ ಗಾಡಿ ಆದರೆ ಇನ್ನೂ ಹುಷಾರಾಗಿರಿ. ಬೆಂಗಳೂರಿನಲ್ಲಿ ಓಡಿ ಸುಸ್ತಾದ ಟ್ಯಾಕ್ಸಿಯ ಹಳದಿ ನಂಬರ್ ಪ್ಲೇಟ್ ತೆಗೆಸಿ ಬಿಳಿ ಬೋರ್ಡ್ (ಸ್ವಂತ ಗಾಡಿ) ಮಾಡಿಸಿ, ಇಲ್ಲಿಗೆ ತಂದು, ‘ತೋಟದವರ ಗಾಡಿ’ ಅಂತ ಊರಿನ ರೇಟಿಗೆ ತೋರಿಸುತ್ತಾರೆ. ನಮ್ಮ ಭಾವನ ಹತ್ತು ಸಾವಿರ ಇದರಲ್ಲೇ ಹೋಯಿತು.

ಭಾವನಿಗೆ ಬೇಕಿದ್ದದ್ದು 2017-18ರ ಡೀಸೆಲ್ ಡಿಜೈರ್. ಶಿರಾಡಿ ಇಳಿದು ಮಂಗಳೂರಿಗೆ ಹೋಗಿಬರುವ ಕೆಲಸ ಅವರದ್ದು, ಡೀಸೆಲ್ಲೇ ಆಗಬೇಕು ಅಂತ ಹಟ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಹೊಸದು ಸಿಗಲ್ಲ, ಇರೋ ಹಳೇದಕ್ಕೇ ಪೈಪೋಟಿ. ಘಾಟಿ ಪಕ್ಕದ ಊರುಗಳಲ್ಲಿ ಡೀಸೆಲ್ ಗಾಡಿ ರೇಟು ಅಷ್ಟು ಸುಲಭಕ್ಕೆ ಇಳಿಯಲ್ಲ.

ಬಿ.ಎಂ. ರಸ್ತೆಯ ಒಂದು ಯಾರ್ಡ್‌ನಲ್ಲಿ ಬೆಳ್ಳಿ ಬಣ್ಣದ ಡಿಜೈರ್ ಇತ್ತು. ಮೀಟರ್ 74 ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಬೆಲೆ 5.60 ಲಕ್ಷ. ಅದೇ ವರ್ಷದ ಗಾಡಿಗೆ ಬೆಂಗಳೂರಿನ ಜಾಹೀರಾತುಗಳಲ್ಲಿ ನಾಲ್ಕೂವರೆ ಲಕ್ಷಕ್ಕೂ ಸಿಗುತ್ತಿತ್ತು. ಯಾಕಿಷ್ಟು ಜಾಸ್ತಿ ಅಂದರೆ ಯಾರ್ಡ್‌ನವನ ಹತ್ತಿರ ಉತ್ತರ ರೆಡಿ. “ಅಲ್ಲಿನ ಗಾಡಿ ಟ್ರಾಫಿಕ್‌ನಲ್ಲಿ ಕ್ಲಚ್ ತಿಂದಿರುತ್ತೆ ಸಾರ್. ಇದು ಮೂಡಿಗೆರೆ ತೋಟದವರದ್ದು.” ಹಾಗಾದರೆ ನಂಬರ್ ಬೆಂಗಳೂರಿನ ಕೆಎ-05 ಯಾಕೆ? “ಮಗ ಬೆಂಗಳೂರಲ್ಲಿದ್ದ ಸಾರ್, ಅವನ ಹೆಸರಲ್ಲಿ ತಗೊಂಡಿದ್ರು.” ಕೊನೆಗೆ 5.25ಕ್ಕೆ ಇಳಿದ. ಮೆಕ್ಯಾನಿಕ್‌ಗೆ ತೋರಿಸಬೇಕು ಅಂದಾಗ ಮಾತ್ರ, ಅಡ್ವಾನ್ಸ್ ಇಲ್ಲದೆ ಗಾಡಿ ಗೇಟ್ ದಾಟಲ್ಲ ಅಂದ. ಭಾವ 25 ಸಾವಿರ ಕೊಟ್ಟರು.

ಮೆಕ್ಯಾನಿಕ್ ಎಂಜಿನ್ ಕೇಳಿ ತಲೆಯಾಡಿಸಿದರು, ತಕರಾರಿಲ್ಲ. ಆಮೇಲೆ ನಾಲ್ಕೂ ಬಾಗಿಲು ಒಂದೊಂದಾಗಿ ತೆಗೆದು ಹಾಕಿದರು. ಹಿಂದಿನ ಎಡಬಾಗಿಲು ಮಾತ್ರ ಲೊಡಲೊಡ. ಸ್ವಂತ ಕಾರಿನಲ್ಲಿ ಮೊದಲು ಸವೆಯೋದು ಡ್ರೈವರ್ ಬಾಗಿಲು. ಟ್ಯಾಕ್ಸಿಯಲ್ಲಿ ಜನ ಹತ್ತಿ ಇಳಿಯೋದೆಲ್ಲಾ ಹಿಂದಿನ ಎಡಗಡೆಯಿಂದಲೇ, ಅಲ್ವಾ? ಮುಂದಿನ ಸೀಟಿನ ಬೆನ್ನಲ್ಲಿ ಸ್ಕ್ರೂ ಹೊಡೆದ ಎರಡು ತೂತು ಇದ್ದವು. ಡ್ರೈವರ್ ವಿವರದ ಕಾರ್ಡ್ ತೂಗುತ್ತಿದ್ದ ಜಾಗ. ಹಿಂದಿನ ನಂಬರ್ ಪ್ಲೇಟಿನ ಬೋಲ್ಟ್ ಅಂಚಿನಲ್ಲಿ ಹಳದಿ ಬಣ್ಣ ಉಗುರಿಗೆ ಸಿಕ್ಕಿತು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಕಾರಿನ ಮ್ಯಾನುಯಲ್ ಒಳಗೆ ಮಡಚಿಟ್ಟ ಹಳೇ ಇನ್ಶೂರೆನ್ಸ್ ಕಾಪಿ ಇತ್ತು, ತೆಗೆಯೋಕೆ ಮರೆತಿದ್ದಾರೆ. ಅದರಲ್ಲಿ ‘ಪ್ಯಾಸೆಂಜರ್ ಕ್ಯಾರಿಯಿಂಗ್’, ಅಂದರೆ ಬಾಡಿಗೆ ಗಾಡಿ ಅಂತ ಸ್ಪಷ್ಟವಾಗಿ ಬರೆದಿದೆ. ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ವಿಚಾರಿಸಿದರೆ, ಅಲ್ಲಿ ಕೊನೇ ಸಲ ಸರ್ವೀಸ್‌ಗೆ ಬಂದಾಗಲೇ 1,86,000 ಕಿಲೋಮೀಟರ್ ದಾಟಿತ್ತಂತೆ.

ಬೆಂಗಳೂರು ರೇಟು ಅಂತ ನಾವು ನೋಡುವುದರಲ್ಲಿ ಈ ಟ್ಯಾಕ್ಸಿಗಳೂ ಸೇರಿಕೊಂಡಿವೆ. ಡೀಸೆಲ್ ಡಿಜೈರ್ ಅಂದರೆ ಅಲ್ಲಿ ಅರ್ಧ ಟ್ಯಾಕ್ಸಿ ಲೋಕವೇ. ಹಾಗಾಗಿ ಅಲ್ಲಿ ಅಗ್ಗ ಕಾಣುತ್ತೆ. ಆಮೇಲೆ ನಾವು ಮೊದಲಿಂದ ಬಿಳಿ ಬೋರ್ಡ್ ಇದ್ದ, ಒಬ್ಬರೇ ಓನರ್ ಇದ್ದ ಗಾಡಿಗಳನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡಿದೆವು. ಹಾಸನಕ್ಕೂ ಬೆಂಗಳೂರಿಗೂ ಇಪ್ಪತ್ತು ಮೂವತ್ತು ಸಾವಿರದ ವ್ಯತ್ಯಾಸ ಅಷ್ಟೇ. ಬ್ರೋಕರ್ ಕಮಿಷನ್, ಓಡಾಟ ಕಳೆದರೆ ಅದೂ ಉಳಿಯಲ್ಲ. ಯಾರ್ಡ್‌ನವರು ಲಾಭ ಮಾಡುವುದು ಟ್ಯಾಕ್ಸಿ ರೇಟಿಗೆ ತಂದು ಮನೆ ಕಾರಿನ ರೇಟಿಗೆ ಮಾರಿ. ಟ್ಯಾಕ್ಸಿ ಓಡಿದ ಗಾಡಿ ತಗೋಬಾರದು ಅಂತಲ್ಲ. ನಿಜ ಹೇಳಿ ಆ ರೇಟಿಗೇ ಕೊಟ್ಟರೆ ಕೆಲವರಿಗೆ ಅದೂ ಲಾಭವೇ.

ಮೊಬೈಲಲ್ಲಿ ಸರ್ಕಾರದ ಎಂಪರಿವಾಹನ್ ಆ್ಯಪ್ ನೋಡಿದರೆ ಸಾಕು ಅಂತ ಸುಮ್ನೆ ಕೂರಬೇಡಿ. ಬೋರ್ಡ್ ಬದಲಾದ ಮೇಲೆ ಅದರಲ್ಲಿ ಬರೀ ಮೋಟಾರ್ ಕಾರ್ ಅಂತ ಬರುತ್ತೆ. ಎಷ್ಟನೇ ಓನರ್, ಸಾಲ ಇದೆಯಾ ಅನ್ನೋದು ತಿಳಿಯುತ್ತೆ, ಅದಕ್ಕೆ ಉಪಯೋಗ. ಹಳೇ ಕಥೆ ಬೇಕಿದ್ದರೆ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿ. ಹಿಂದಿನ ವರ್ಷಗಳ ಇನ್ಶೂರೆನ್ಸ್ ಕಾಪಿ ಕೇಳಿ. ಕೊಡಲ್ಲ ಅಂದರೆ ಎದ್ದು ಬನ್ನಿ. ಬೆಂಗಳೂರು ಗಾಡಿ ಆದರೆ ಟ್ರಾಫಿಕ್ ದಂಡ ಬಾಕಿ ಎಷ್ಟಿದೆ ಅಂತಲೂ ನೋಡಿ. ಅಲ್ಲಿಂದ ತಂದರೆ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು ಅಂತ ಕೆಲವರು ಹೆದರಿಸುತ್ತಾರೆ. ರಾಜ್ಯದೊಳಗೆ ಹಾಗೇನಿಲ್ಲ, ಹೆಸರು ವರ್ಗಾವಣೆ ಮಾಡಿಸಿದರಾಯಿತು.

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹೊಸ ಕಾರೇ ಅಗ್ಗವಾಗಿರುವಾಗ, ಅದಕ್ಕೂ ಮುಂಚಿನ ಶೋರೂಮ್ ಬೆಲೆ ಲೆಕ್ಕ ಹಿಡಿದು ಹಳೇ ಕಾರಿನ ರೇಟು ಹೇಳಿದರೆ ಒಪ್ಪಬೇಡಿ. ಆ ಯಾರ್ಡ್‌ನವನು ಬೆಲೆ ಮೇಲೆ ‘ಜಿಎಸ್‌ಟಿ’ ಅಂತ 15 ಸಾವಿರ ಬೇರೆ ಕೇಳಿದ್ದ. ಹಳೇ ಕಾರಿನ ಡೀಲರ್ ಕಟ್ಟಬೇಕಾದ 18 ಪರ್ಸೆಂಟ್ ಅವನ ಲಾಭದ ಮೇಲೆ ಮಾತ್ರ, ಅದೂ ನೋಂದಣಿ ಇದ್ದರೆ. ಇವನು ಕೊಟ್ಟ ರಸೀದಿಯಲ್ಲಿ ಜಿಎಸ್‌ಟಿ ನಂಬರೇ ಇಲ್ಲ.

ಬೇಡ ಅಂದಾಗ 15 ಸಾವಿರ ವಾಪಸ್ ಕೊಟ್ಟು, ಉಳಿದಿದ್ದು ‘ಗಾಡಿ ಹೋಲ್ಡ್ ಮಾಡಿದ್ದಕ್ಕೆ’ ಅಂದ. ಅಡ್ವಾನ್ಸ್ ಕೊಡುವಾಗ ರಸೀದಿಯಲ್ಲಿ ಚಾಸಿಸ್ ನಂಬರ್, ಮೀಟರ್ ರೀಡಿಂಗ್, ಜೊತೆಗೆ ‘ಮೊದಲಿಂದ ಬಿಳಿ ಬೋರ್ಡ್, ಸುಳ್ಳಾದರೆ ಪೂರ್ತಿ ಹಣ ವಾಪಸ್’ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಮೀಟರ್ ಫೋಟೊ, ಹಳೇ ಇನ್ಶೂರೆನ್ಸ್ ಕಾಪಿ ಫೋಟೊ ನಮ್ಮ ಹತ್ತಿರ ಇದೆ. ಅದನ್ನೇ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇವೆ.